ಮ್ಯೂಸಿಯಂ ಎದುರಿನ ಖಾನಾವಳಿ

ಬೆಳಿಗ್ಗೆ ಒಂಬತ್ತಕ್ಕೆ ಬಳ್ಳಾರಿ ಬಸ್ಸು ಹಗರಿಬೊಮ್ಮನಹಳ್ಳಿ ನಿಲ್ದಾಣದಲ್ಲಿ ನಿಂತಿತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ಕೂತಿದ್ದರು. ಮೊಮ್ಮಗಳು ಮೊಬೈಲ್ ನೋಡುತ್ತ ಹೇಳಿದಳು:

“ಬಳ್ಳಾರಿ ಮ್ಯೂಸಿಯಂ ಎದುರಿಗೇ ಖಾನಾವಳಿ ಐತಿ. ಜ್ವಾಳದ ರೊಟ್ಟಿ ಚಲೋ ಅಂತ ಬರದಾರ.”

“ಲಿಂಗಪೂಜಿಗೆ ಕುಂದ್ರಾಕ ಜಾಗ ಐತೇನು?”

“ಅದನ್ನ ಯಾರೂ ಬರದಿಲ್ಲ. ಮನ್ಯಾಗ ಯಾಕ ಮಾಡ್ಲಿಲ್ಲ?”

“ಬಸ್ಸು ತಪ್ಪತೈತಿ ಅಂತ ಎಳಕೊಂಡು ಬಂದಾಕಿ ನೀನ. ಪೂಜಿ ಆಗೋತನಕ ಒಂದು ತುತ್ತೂ ಮುಟ್ಟಂಗಿಲ್ಲ.”

“ನಿನಗ ಸಕ್ಕರಿ ಕಾಯಿಲಿ ಬ್ಯಾರೆ, ಹಸ್ಕೊಂಡು ಇರಬಾರದು. ತಡಿ, ಫೋನ್ ಹಚ್ತೀನಿ.”

ಹಚ್ಚಿದಳು, ಕೇಳಿದಳು, ಇಟ್ಟಳು.

“ಏನಂದ?”

“ಎಷ್ಟು ಮಂದಿಗೆ ಟೇಬಲ್ ಬೇಕು ಅಂತಾನ.”

“ಟೇಬಲ್ ಮ್ಯಾಲೆ ಕುಂತು ಪೂಜಿ ಮಾಡ್ಲೇನು? ಇಳಿ. ಇಲ್ಲೇ ನಿಮ್ಮತ್ತಿ ಮನಿ ಐತಿ.”

“ಮ್ಯೂಸಿಯಂ?”

“ಅದೆಲ್ಲಿಗೆ ಓಡಿ ಹೋಗತೈತಿ? ಉಂಡು ಮುಂದಿನ ಬಸ್ಸಿಗೆ ಹೋಗೋಣು.”

ಇಬ್ಬರೂ ಇಳಿದು ಊರೊಳಗೆ ನಡೆದರು. ಬಸ್ಸು ಎರಡು ಖಾಲಿ ಸೀಟಿನೊಂದಿಗೆ ಬಳ್ಳಾರಿಗೆ ಹೊರಟಿತು.