ಎಲೆಅಡಿಕೆ ಸಂಚಿ

ಚೆನ್ನೈ, ತ್ರಿಪ್ಲಿಕೇನಿನ ಹೆರಿಗೆ ಆಸ್ಪತ್ರೆ. ಬಸುರಿಯರಿಗೆ ಸಿಗರೇಟು ಬಿಡಿಸುವ ಕೋಣೆಯ ಮುಂದೆ, ನನ್ನ ಪಕ್ಕದ ಬೆಂಚಿನಲ್ಲಿ ತಾಯಿ, ಬಸುರಿ ಮಗಳು ಕೂತಿದ್ದರು.

“ಮಗು ಬೆಳೀತಿಲ್ಲ ಅಂತಾರೆ. ನಾನು ಸಿಗರೇಟು ಬಿಟ್ಟಾಯ್ತಲ್ಲಮ್ಮ.”

“ಬಿಡಿಸಿದ್ದು ನಾನು ಅಂತ ಡಾಕ್ಟರಮ್ಮಂಗೆ ಹೇಳು.”

“ಸಿಗರೇಟಿನ ಬದಲು ಎಲೆಅಡಿಕೆ ಜೊತೆ ನೀನು ಹೊಗೆಸೊಪ್ಪು ಕೊಡೋದನ್ನೂ ಹೇಳ್ಲಾ?”

“ಅದೇನು ಸಿಗರೇಟಾ? ಬಾಯಿ ಚಪಲಕ್ಕೆ ಒಂಚೂರು. ನಿನ್ನ ಹೊತ್ತಿದ್ದಾಗ ನಾನೂ ಹಾಕ್ಕೋತಿದ್ದೆ. ನೀನು ಚೆನ್ನಾಗಿಲ್ವಾ?”

“ನಾನು ಉಳಿದೆ. ನನಗಿಂತ ಮುಂಚೆ ಹುಟ್ಟಿದೋರು ಉಳೀಲಿಲ್ಲ.”

ತಾಯಿ ಸೊಂಟದ ಎಲೆಅಡಿಕೆ ಸಂಚಿಯ ದಾರ ಬಿಗಿದರು.

“ದೃಷ್ಟಿ ಆಗಿತ್ತು ಅಂದಿದ್ರು ಎಲ್ರೂ.”

“ವೃಂದಾ, ಉಳ್ಳೆ ವಾಂಗ,” ನರ್ಸ್ ತಮಿಳಿನಲ್ಲಿ ಒಳಗೆ ಕರೆದಳು.

“ಬಾ ಅಮ್ಮ.”

“ನಾನು ಬಂದು ಏನಂತ ಹೇಳ್ಲಿ?”

ಸೊಂಟದ ಸಂಚಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಾಯಿ ಮಗಳ ಹಿಂದೆ ಒಳಗೆ ಹೋದರು.