ತಾತನ ಆರು ಬಾಗಿಲಿನ ಬೋಗಿ

...ಅದಕ್ಕೇ ಹೇಳಿದ್ದು ಅನು, ಡೌನ್‌ಟೌನ್ ಬೆಲ್ವ್ಯೂಯಿಂದ ಇಲ್ಲಿಗೆ ರೈಲಲ್ಲಿ ನಿಂತ್ಕೊಂಡು ಬಂದೆ ಅಂತ ಮುಖ ಊದಿಸ್ಕೋಬೇಡ. ನಿಮ್ಮಮ್ಮ ಹುಟ್ಟೋಕ್ಮುಂಚೆ ನಾನೂ ನಿಮ್ಮ ತಾತಾನೂ ಜಪಾನಲ್ಲಿದ್ವಲ್ಲ, ಅಲ್ಲಿ ಬೆಳಗ್ಗೆ ರೈಲಲ್ಲಿ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ. ಬಿಳಿ ಗ್ಲೌಸ್ ಹಾಕ್ಕೊಂಡೋರು ಬೆನ್ನಿಗೆ ಕೈ ಕೊಟ್ಟು ಒಳಗೆ ತಳ್ಳೋರು. ನಗ್ತೀಯಾ? ನಿಜ ಕಣೆ. ಹಳೇ ಬೋಗೀಲಿ ಬರೀ ಫ್ಯಾನು, ಬೇಸಿಗೇಲಿ ಬೆಂದುಹೋಗ್ತಿದ್ರಂತೆ. ಆಮೇಲೆ ಏಸಿ ಬಂತು. ಆಮೇಲೆ ಒಂದು ಪಕ್ಕಕ್ಕೆ ನಾಲ್ಕು ಬಾಗಿಲು ಸಾಲ್ದು ಅಂತ ಕೆಲವು ಬೋಗಿಗೆ ಆರು ಬಾಗಿಲು ಮಾಡಿದ್ರು. ಬೆಳಗ್ಗೆ ಹೊತ್ತು ಸೀಟೆಲ್ಲ ಗೋಡೆಗೆ ಮಡಚಿ ಲಾಕ್ ಮಾಡೋದು, ಎಲ್ಲಾರೂ ನಿಂತೇ ಹೋಗ್ಬೇಕು, ಹತ್ತು ಗಂಟೆ ಆದ್ಮೇಲೆ ಬಿಚ್ಚೋದು. ನಿಮ್ಮ ತಾತ ಆ ಬೋಗಿ ಮಾಡೋ ಕಂಪನೀಲೇ ಇದ್ದಿದ್ದು; ಆ ಮಡಚೋ ಸೀಟಿನ ಕೀಲು ಇತ್ತಲ್ಲ, ಅದರ ಡ್ರಾಯಿಂಗು ಅವರದ್ದೇ.

"ಸೋ ಕೂಲ್" ಅಂತೀಯ. ನಂಗೂ ಹಾಗೇ ಅನ್ನಿಸಿತ್ತು. ಆಗ ನಂಗೆ ಐದು ತಿಂಗಳು. ನಿಮ್ಮಮ್ಮ ಅಲ್ಲ, ಅವಳಿಗಿಂತ ಮೊದಲ್ನೇದು. ಆಸ್ಪತ್ರೆಗೆ ಹೋಗೋದಿತ್ತು. "ಹತ್ತು ಗಂಟೆ ಮೇಲೆ ಹೊರಡೇ, ಕೂತ್ಕೊಂಡು ಹೋಗು" ಅಂತ ತಾತ ಹೇಳಿ ಹೋಗಿದ್ರು. ನಾನೆಲ್ಲಿ ಕೇಳ್ತೀನಿ! ಸೀಟು ಮಡಚಿದ್ದಾಗ್ಲೇ ನೋಡ್ಬೇಕು, ನನ್ನ ಗಂಡ ಮಾಡಿದ್ದು ಅಂತ ಆಸೆ. ಎಂಟು ಗಂಟೇಗೇ ಹೋಗಿ ಬಾಗಿಲು ಎಣಿಸಿ ಅದೇ ಬೋಗಿ ಹತ್ತಿದೆ. ಸೀಟು ಮುಟ್ಟಿ ನೋಡ್ದೆ, ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಅಷ್ಟರಲ್ಲಿ ಜನ ನುಗ್ಗಿದ್ರು ನೋಡು. ಅರ್ಧ ಗಂಟೆ, ಅಲ್ಲಲ್ಲ, ಮುಕ್ಕಾಲು ಗಂಟೆ, ಹೊಟ್ಟೆಗೆ ಎರಡೂ ಕೈ ಅಡ್ಡ ಇಟ್ಕೊಂಡು ನಿಂತೆ. ಬೆನ್ನ ಹಿಂದೇನೇ ಸೀಟು, ಕೂರೋ ಹಾಗಿಲ್ಲ. ಮಾರನೇ ದಿನ ಮಗು ಹೋಯ್ತು. ನಿಂತಿದ್ದಕ್ಕೇ ಹೋಯ್ತು ಅನ್ನೋಕಾಗಲ್ಲ ಅಂದ್ರು ಡಾಕ್ಟ್ರು. ನನ್ನ ಮನಸ್ಸು ಕೇಳ್ಬೇಕಲ್ಲ?

"ಹೇಗೆ ಹೋಗಿದ್ದೆ ಆಸ್ಪತ್ರೆಗೆ?" ಅಂತ ಕೇಳಿದ್ರು ತಾತ. "ಟ್ಯಾಕ್ಸೀಲಿ ರೀ" ಅಂದ್ಬಿಟ್ಟೆ. ಗೊತ್ತಾದ್ರೆ ಆ ಮನುಷ್ಯ ಮತ್ತೆ ಪೆನ್ಸಿಲ್ ಹಿಡೀತಿರ್ಲಿಲ್ಲ, ಅದು ನಂಗೆ ಗೊತ್ತು. ಆದ್ರೆ ಅವರಿಗೇನು ಗೊತ್ತು ಪಾಪ! ವಾರ ವಾರ ಕರೆಯೋರು, "ಒಂದ್ಸಲ ಬಾರೇ, ನಾನು ಮಾಡಿದ್ದು ನೋಡು." ನಾನು ಸಿಡುಕೋಳು, "ನಿಮ್ಮ ರೈಲು ನಂಗ್ಯಾಕೆ?" ಮುಖ ಚಿಕ್ಕದು ಮಾಡ್ಕೊಳ್ಳೋರು. ಕೊನೆಗೆ ಕರೆಯೋದೇ ಬಿಟ್ರು.

ಆಮೇಲೆ ಅಲ್ಲಿ ಪ್ಲಾಟ್‌ಫಾರ್ಮಿಗೂ ಬಾಗಿಲು ಹಾಕಿದ್ರಂತೆ. ಎಲ್ಲಾ ಬೋಗಿ ಬಾಗಿಲೂ ಅದರ ಎದುರಿಗೇ ಸರಿಯಾಗಿ ಬರ್ಬೇಕಲ್ಲ, ಆರು ಬಾಗಿಲಿಂದು ತೆಗೆದ್ಹಾಕಿದ್ರು. ಇದೇ ಕುರ್ಚೀಲಿ ಕೂತು ಆ ಸುದ್ದಿ ಫೋನಲ್ಲಿ ನೋಡಿದ್ರು ನಿಮ್ಮ ತಾತ. ಕಣ್ಣು ಒರೆಸ್ಕೊಂಡು, "ನೀನು ಒಂದ್ಸಲನೂ ನೋಡ್ಲೇ ಇಲ್ಲ ಕಣೇ" ಅಂದ್ರು. ಆಗ್ಲಾದ್ರೂ ಬಾಯಿ ಬಿಡ್ಬೇಕಿತ್ತು. "ಕಾಫಿ ಮಾಡ್ಲಾ?" ಅಂದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಮುಂದಿನ ಚಳಿಗಾಲಕ್ಕೆ ಅವರೇ ಇರ್ಲಿಲ್ಲ. ಹೆಂಡತಿಗೆ ನನ್ನ ಕೆಲಸ ಕಂಡ್ರೆ ಆಗಲ್ಲ ಅಂದ್ಕೊಂಡೇ ಹೋದ್ರು. ನೊಂದ್ಕೋತಾರೆ ಅಂತ ಮುಚ್ಚಿಟ್ಟೆ, ಇಡೀ ಜೀವಮಾನ ನೋಯಿಸಿದೆ. ಬೇಡ ಕಣೆ ಹಾಗೆ. ಅಳು ಬಂದ್ರೆ ಹೇಳ್ಬಿಡ್ಬೇಕು, ಇಬ್ರೂ ಕೂತು ಅತ್ಬಿಡ್ಬೇಕು.