ಉಳಿದದ್ದು ಆರು ಪರ್ಸೆಂಟ್

...ಎ.ಸಿ. ಬಂದ್ ಮಾಡಂದ್ರ ಮಾಡವಾ, ನಿಖಿತಾ! ಗಾಜು ಇಳಸು, ಗಾಳಿ ಬರತೈತಿ. ಬ್ಯಾಟರಿ ಆರು ಪರ್ಸೆಂಟ್ ಉಳದೈತಿ, ಆರು! ಪೀರನವಾಡಿ ತನಕ ಎಳದ್ರ ಸಾಕು, ಅಲ್ಲಿ ಚಾರ್ಜ್ ಮಾಡೂ ಜಾಗಾ ಐತಿ. ಹದಿನೈದು ಮಿನಿಟ್ ಹಚ್ಚಿದ್ರ ಬೆಳಗಾವಿ ಮುಟ್ಟತೀವಿ... ನಲವತ್ತರ ಮ್ಯಾಲ ಹೋಗಬ್ಯಾಡ. ಗೊತ್ತೈತಿ, ಗೊತ್ತೈತಿ, ಹನ್ನೊಂದಕ್ಕ ಕೋರ್ಟಿನ್ಯಾಗ ನಿನ್ನ ಹೆಸರ ಕೂಗತಾರ. ಆದ್ರ ಜೋರ ಓಡಿಸಿದಷ್ಟೂ ಗಾಳಿ ಎದಿಗೆ ಬಂದು ದೂಕತೈತಿ, ಚಾರ್ಜ್ ತಿಂತೈತಿ.

ನನ್ನ ಯಾಕ ಹಂಗ ನೋಡ್ತಿ? ರಸ್ತಾ ನೋಡು.

ಹೌದು, ಖಾನಾಪುರ ಬಿಡೂ ಮುಂದ ಮೂವತ್ತು ಕಿಲೋಮೀಟರ್ ಹೋಗತೈತಿ ಅಂತ ತೋರಿಸಿತ್ತು. ನಾನೂ ನೋಡೇನಿ. ಇಪ್ಪತ್ತಾರು ಕಿಲೋಮೀಟರ್ ದಾರಿ, ಸಾಲಬೇಕಾಗಿತ್ತು. ಆದ್ರ ಅದು ಅಂದಾಜು ಅಷ್ಟವಾ! ನಿನ್ನಿ ಹೆಂಗ ಓಡಿತ್ತೋ ಅದರ ಮ್ಯಾಲ ಹೇಳತೈತಿ...

ನಿನ್ನಿ? ನಿನ್ನಿ ಅಂದ್ರ... ಮಾತಿಗಂದೆ. ನಿನ್ನಿ ಮನಿ ಮುಂದ ನಿಂತಿತ್ತಲ್ಲ ಗಾಡಿ. ಬಿಸಲಾಗ ನಿಂತ್ರೂ ಇಳೀತೈತಿ ಅಂತಾರ. ಅದರಾಗ ಇದು ಹಳೇ ಗಾಡಿ, ಬ್ಯಾಟರಿ ಸವದೈತಿ, ಪೂರ್ತಿ ತುಂಬಿದ್ರೂ ನೂರಾ ಹತ್ತು ಕಿಲೋಮೀಟರಿನ ಮ್ಯಾಲ ತೋರಸೂದಿಲ್ಲ. ಟೈರಿಗೆ ಗಾಳಿನೂ ಕಡಿಮಿ ಇರಬೇಕು. ಮತ್ತ... ಟಿಳಕವಾಡಿಗೆ, ನಿಮ್ಮ ಅತ್ತಿ ಮನಿಗೆ ಅಂತ ಡಿಕ್ಕ್ಯಾಗ ಅಕ್ಕಿ ಚೀಲ ಇಟ್ಟೇನಿ. ಆ ವಜ್ಜಾ ಬ್ಯಾರೆ. ಅದು ನಂದ ತಪ್ಪು. ಒಪ್ಪಕೋತೀನಿ.

ಈಗ ಇಳಕಲು ಬಂತು ನೋಡು. ಕಾಲ ತಗಿ, ಬ್ರೇಕ್ ತುಳೀಬ್ಯಾಡ... ಹಾಂ, ಹಂಗ! ಉರುಳಿದಂಗ ತಾನ ಒಂಚೂರು ತುಂಬಕೋತೈತಿ. ಶಾಣ್ಯಾಕಿ ನನ್ನ ಮಗಳು...

ಬಾಜೂಕ ಯಾಕ ತಗೊಂಡಿ? ಇನ್ನ ಐದು ಐತಿ! ಮಚ್ಛೆ ಊರು ಬಂದ ಬಿಡತೈತಿ, ಅದರ ಮುಂದ ಪೀರನವಾಡಿ. ಬಂದ್ ಯಾಕ ಮಾಡಿದಿ? ನಿಖಿತಾ?

...

ಆತು. ಹೇಳ್ತೀನಿ. ನಿನ್ನಿ ನೀ ಪಾಠಾ ಹೇಳಾಕ ಸಾಲಿಗೆ ಹೋದ ಮ್ಯಾಲ ಹಿಂಡಲಗಾಕ್ಕ ಹೋಗಿದ್ದೆ. ಜೇಲಿಗೆ. ಸುಮಿತನ್ನ ನೋಡಾಕ. ಹೋಗಿ ಬರೂದು ಎಪ್ಪತ್ತು ಕಿಲೋಮೀಟರ್. ಅಲ್ಲೇ ಹೋತು ಚಾರ್ಜ್. ನಿನ್ನಿ ಒಂದ ದಿನ ಅಲ್ಲವಾ, ಹದಿನೈದು ದಿನಕ್ಕೊಮ್ಮೆ ಹೋಗ್ತೀನಿ. ನಿನ್ನ ಗಂಡನ ಜೀವಾ ತಗೊಂಡಂವ, ಹೌದು. ಕುಡದು ಸ್ಟೇರಿಂಗ್ ಹಿಡದಿದ್ದ, ಹೌದು. ಅಳಿಯ ಬಸಯ್ಯ ಮುಂದ ಕುಂತಿದ್ರು, ನೀ ಹಿಂದ ಕುಂತು ‘ನಿಲ್ಲಸೋ, ನಿಲ್ಲಸೋ’ ಅಂತ ಒದರಿದ್ದಿ. ಅದನ್ನ ಇವತ್ತ ಜಡ್ಜ್ ಮುಂದ ಹೇಳಾಕ ಹೊಂಟೀದಿ. ಆದ್ರ ನೀ ‘ನನ್ನ ತಮ್ಮ ಅಲ್ಲ’ ಅಂದ್ರೂ ನನಗ ಮಗ ಅಂವ. ಎಲ್ಲಿ ಒಗೀಲಿ?

ಅಂವ ಏನೂ ಬೇಡಲಿಲ್ಲ. ‘ಅಪ್ಪಾ, ಅಕ್ಕ ಗಾಡ್ಯಾಗ ಕುಂದ್ರಾಕ ಹೆದರತಾಳೇನು?’ ಅಂತ ಕೇಳಿದ. ಇಲ್ಲೋ, ಕಲತು ತಾನ ಓಡಿಸ್ತಾಳ ಅಂದೆ. ಗ್ವಾಡಿ ಕಡೆ ಮಾರಿ ಮಾಡಿ ನಿಂತ.

ಬೈ. ಬೈದು ಗಾಡಿ ಚಾಲೂ ಮಾಡು.

ಇನ್ನೇನು? ಹೇಳಿದ್ನಲ್ಲಾ! ರಾತ್ರಿ? ರಾತ್ರಿ ಕರೆಂಟ್ ಹೋಗಿತ್ತು, ಅದಕ್ಕ ತುಂಬಲಿಲ್ಲ... ಹೋಗಿತ್ತವಾ... ಏನಂದಿ? ಫ್ಯಾನ್?

ಫ್ಯಾನ್ ತಿರಗತಿತ್ತು. ನೀ ಅದರ ಕೆಳಗ ಕುಂತು ವಕೀಲರು ಕೊಟ್ಟ ಕಾಗದ ಓದಾಕತ್ತಿದ್ದಿ. ಹೌದು... ಕರೆಂಟ್ ಇತ್ತು.

ದಿನಾ ನಾನ ಚಾರ್ಜಿಗೆ ಹಚ್ಚತೀನಿ. ನಿನ್ನಿನೂ ವಾಯರ್ ಕೈಯಾಗ ಹಿಡದೆ. ಹಿಡಕೊಂಡ ನಿಂತೆ... ಹಚ್ಚಲಿಲ್ಲ. ಮರತಿದ್ದಲ್ಲ. ಹಚ್ಚಲಿಲ್ಲ. ದಾರ್ಯಾಗ ನಿಂತ್ರ ನಿನ್ನ ಸಾಕ್ಷಿ ಇವತ್ತೊಂದ ದಿನ ತಪ್ಪತೈತಿ. ಮುಂದಿನ ತಾರೀಖು ಬರೂದ್ರಾಗ ನಿನ್ನ ಮನಸ ಕರಗೀತು ಅಂತ...

ಮತ್ತ ದಾರಿ ಉದ್ದಕ್ಕೂ ಎ.ಸಿ. ಬಂದ್ ಮಾಡು, ಹಗೂರ ಹೋಗು ಅಂತ ಯಾಕ ಬಡಕೊಂಡೆ? ಗೊತ್ತಿಲ್ಲವಾ. ಖರೇನ ಗೊತ್ತಿಲ್ಲ. ನಿನ್ನ ಕೈ ನೋಡಿದೆ. ಘಳಿಗಿಗೊಮ್ಮೆ ಆ ವಕೀಲರ ಕಾಗದ ಮುಟ್ಟಿ ನೋಡತಿದ್ವು. ಪರ್ಸೆಂಟ್ ಒಂದೊಂದ ಇಳದಂಗ ಮುಟ್ಟಲಿ ಅನ್ನಿಸ್ತು. ಏನರ ಆಗಲಿ, ಈಕಿ ಮುಟ್ಟಲಿ ಅನ್ನಿಸ್ತು.

ಬಾಗಲಾ ಯಾಕ ತಗದಿ? ಬಿಸಲೈತಿ... ನಡಕೋಂತ ಹೊಕ್ಕಿಯೇನು? ನಿಂದರವಾ! ಹಿಂದ ಬಸ್ ಬರಾಕತ್ತೈತಿ. ನಾ ಕೈ ಮಾಡ್ತೀನಿ, ನೀ ಆ ಕಾಗದ ತಗೋ, ಸೀಟಿನ ಮ್ಯಾಲ ಬಿಟ್ಟೀದಿ... ಏ, ನಿಲ್ಲಸ್ರೀ! ನಿಲ್ಲಸ್ರೀ ಸಾಹೇಬ್ರ! ನನ್ನ ಮಗಳಿಗೆ ಕೋರ್ಟಿಗೆ ಹೋಗೂದೈತ್ರಿ, ಅಲ್ಲೇ ಹತ್ರ ಇಳಸ್ರಿ, ನಿಮ್ಮ ಕಾಲ ಬೀಳ್ತೀನಿ...

ಹತ್ತವಾ. ನೋಡಿದ್ದ ನೋಡಿದಂಗ ಹೇಳು. ಒದರಿದ್ದು, ಅಂವ ನಿಲ್ಲಸಲಾರದ್ದು, ಎಲ್ಲಾ ಹೇಳು. ನಾ ಚಾರ್ಜಿಗೆ ಹಚ್ಚಲಾರದ್ದೂ ಹೇಳಬೇಕಂದ್ರ ಹೇಳು.

ನಿಖಿತಾ... ಏನರ ಒಂದ ಮಾತ ಅಂದು ಹೋಗವಾ...